ಹಳೆಯ ವಿಂಚೆಸ್ಟರ್ ಲಿವರ್ ಆಕ್ಷನ್ ರೈಫಲ್ ಕೊಂಡ ಕಥೆ: ಹುಡುಕಾಟದಿಂದ ಕೋಡಿಯ ಕಾಗದದವರೆಗೆ

ಮೊನ್ನೆ ಅಮೆರಿಕದ ವಯೋಮಿಂಗ್ ರಾಜ್ಯದ ಕೋಡಿ ಊರಿನ ಮ್ಯೂಸಿಯಂನಿಂದ, ಕಾರ್ಖಾನೆಯ ಹಳೆಯ ದಾಖಲೆ ನೋಡಿ ಬರೆದ ಕಾಗದ ಬಂತು. ಅಲ್ಲಿಗೆ ನನ್ನ ವಿಂಚೆಸ್ಟರ್ ಮಾಡೆಲ್ 1892 ರೈಫಲ್‌ನ ಖರೀದಿ ಪೂರ್ತಿ ಮುಗಿದ ಹಾಗಾಯಿತು. ಹತ್ತಿರ ಹತ್ತಿರ ವರ್ಷ ಹಿಡಿಯಿತು. ಕನ್ನಡದಲ್ಲಿ ಇದರ ಬಗ್ಗೆ ಓದೋಣ ಅಂದರೆ ನನಗೆ ಏನೂ ಸಿಕ್ಕಿರಲಿಲ್ಲ. ಅಮೆರಿಕದಲ್ಲಿರುವ ನಮ್ಮವರು ಕೆಲವರು ಈಗ ನನ್ನನ್ನೇ ಕೇಳುತ್ತಿದ್ದಾರೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಖರ್ಚು, ಕಾಗದಪತ್ರ, ಕಾಯಬೇಕಾದ ಜಾಗ ಎಲ್ಲವನ್ನೂ ಹೇಳುತ್ತೇನೆ.

ನಾನು ತೀರ್ಥಹಳ್ಳಿ ಕಡೆಯವನು. ಮನೆಯಲ್ಲಿ ಅಡಿಕೆ ತೋಟ. ಹಂದಿ, ಮಂಗನ ಕಾಟಕ್ಕೆ ಅಂತ ಅಪ್ಪನ ಹೆಸರಲ್ಲಿ ಲೈಸೆನ್ಸ್ ಇರುವ ಜೋಡುನಳಿಗೆ ಕೋವಿ ಇದೆ. ಈಗ ಇರುವುದು ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ. ಆಫೀಸಿನ ಗೆಳೆಯರೊಬ್ಬರು ತಮ್ಮ ತಾತನ ಲಿವರ್ ಆಕ್ಷನ್ ರೈಫಲ್ ಒಂದನ್ನು ಕೈಗೆ ಕೊಟ್ಟು ನೋಡು ಅಂದಾಗಿನಿಂದ ನನಗೆ ಈ ಹುಚ್ಚು ಹಿಡಿಯಿತು.

ನೋಡದವರಿಗೆ ಒಂದು ಮಾತು. ಕುದುರೆಯ, ಅಂದರೆ ಟ್ರಿಗರ್‌ನ, ಸುತ್ತ ಬೆರಳು ತೂರಿಸುವ ಕಬ್ಬಿಣದ ಬಳೆ ಇರುತ್ತದಲ್ಲ, ಅದೇ ಲಿವರ್. ಅದನ್ನು ಕೆಳಗೆ ತಳ್ಳಿದರೆ ಖಾಲಿ ತೋಟಾ ಹೊರಗೆ ಹಾರುತ್ತದೆ. ಈಡು ಹಾರಿಸಲು ಬಡಿಯುವ ಸುತ್ತಿಗೆ, ಅಂದರೆ ಹ್ಯಾಮರ್, ಹಿಂದಕ್ಕೆ ಕೂರುತ್ತದೆ. ಮೇಲಕ್ಕೆ ಎಳೆದರೆ ನಳಿಗೆಯ ಕೆಳಗಿನ ಕೊಳವೆಯಿಂದ ಬಂದ ಹೊಸ ತೋಟಾ ಒಳಗೆ ಸೇರುತ್ತದೆ. ಕೈ ಒಂದು ಸಲ ಕೆಳಗೆ, ಒಂದು ಸಲ ಮೇಲೆ, ಅಷ್ಟೇ. ನೂರಿಪ್ಪತ್ತೈದು ವರ್ಷ ದಾಟಿದ ಯಂತ್ರ ಅದನ್ನು ಸ್ವಲ್ಪವೂ ತಡವರಿಸದೆ ಮಾಡುವಾಗ ನನಗೆ ಮಾತೇ ಹೊರಡಲಿಲ್ಲ.

ಈ ಮಾಡೆಲ್ 1892ನ ವಿನ್ಯಾಸ ಯೂಟಾ ರಾಜ್ಯದ ಆಗ್ಡನ್ ಊರಿನ ಜಾನ್ ಮೋಸೆಸ್ ಬ್ರೌನಿಂಗ್ ಅವರದು. ವಿಂಚೆಸ್ಟರ್ ಕಂಪನಿ ಇದ್ದದ್ದು ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ. ಕಂಪನಿಯ ಮುಖ್ಯಸ್ಥ ಟಿ. ಜಿ. ಬೆನೆಟ್, ಮೂರು ತಿಂಗಳಲ್ಲಿ ಮಾದರಿ ಮಾಡಿಕೊಟ್ಟರೆ ಹತ್ತು ಸಾವಿರ ಡಾಲರ್, ಎರಡೇ ತಿಂಗಳಲ್ಲಿ ಕೊಟ್ಟರೆ ಹದಿನೈದು ಸಾವಿರ ಅಂದರಂತೆ. ಬ್ರೌನಿಂಗ್, ಒಂದು ತಿಂಗಳಲ್ಲಿ ಕೊಡುತ್ತೇನೆ, ಇಪ್ಪತ್ತು ಸಾವಿರ ಕೊಡಿ, ತಡವಾದರೆ ಪುಕ್ಕಟೆ ಅಂದರಂತೆ. ಕೊಟ್ಟೂ ಬಿಟ್ಟರಂತೆ. ಸಂಗ್ರಾಹಕರು ಎಲ್ಲಿ ಸೇರಿದರೂ ಈ ಕಥೆ ಬರುತ್ತದೆ. ಅದಕ್ಕೂ ಮುಂಚಿನ 1886ರ ದೊಡ್ಡ ರೈಫಲ್‌ನ ಗಟ್ಟಿ ಬೀಗವನ್ನೇ ಅವರು ಚಿಕ್ಕದು ಮಾಡಿದರು. ಲಿವರ್ ಮುಚ್ಚಿದಾಗ ಎಡಕ್ಕೊಂದು ಬಲಕ್ಕೊಂದು ಎರಡು ಉಕ್ಕಿನ ಪಟ್ಟಿ ಮೇಲೆದ್ದು ತೋಟಾದ ಹಿಂದೆ ಮುಚ್ಚಿಕೊಳ್ಳುವ ಬೋಲ್ಟನ್ನು ಕಚ್ಚಿ ಹಿಡಿಯುತ್ತವೆ. ಮೇಲಿನಿಂದ ಇಣುಕಿದರೆ ಕಣ್ಣಿಗೇ ಕಾಣುತ್ತದೆ. 1873ರ ಮಾಡೆಲ್‌ನ ಹೆಸರು ದೊಡ್ಡದು, ನಿಜ. ಆದರೆ ಕೈಯಲ್ಲಿ ಹಿಡಿದು ನೋಡಿದ ಮೇಲೆ ನನಗೆ 1892ರದ್ದೇ ಬೇಕು ಅನ್ನಿಸಿತು. ಹಗುರ, ನಯ, ಗಟ್ಟಿ.

ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅವರ ಮೊದಲ ಪ್ರಶ್ನೆಯೇ, "ಎಂತ ಮಾರಾಯ, ಅಲ್ಲಿ ಲೈಸೆನ್ಸ್ ಇಲ್ದೆ ಕೋವಿ ಇಟ್ಕಳಕ್ಕಾಗ್ತದಾ?" ಅಂತ. ಪ್ರತಿ ಎಲೆಕ್ಷನ್‌ಗೂ ಕೋವಿ ಹೊತ್ತುಕೊಂಡು ಸ್ಟೇಷನ್‌ಗೆ ಹೋಗಿ ಒಪ್ಪಿಸಿ, ರಸೀದಿ ಇಟ್ಟುಕೊಂಡು, ಮತ್ತೆ ಬಿಡಿಸಿಕೊಂಡು ಬರುವವರು ಅವರು. ಅವರಿಗೆ ಬಿಡಿಸಿ ಹೇಳಲು ನಾನೇ ಮೊದಲು ಕಾನೂನು ಓದಬೇಕಾಯಿತು. ಅದು ಒಳ್ಳೆಯದೇ ಆಯಿತು.

ಇಲ್ಲಿ 1968ರ ಗನ್ ಕಂಟ್ರೋಲ್ ಆಕ್ಟ್ ಅಂತ ಒಂದು ಕೇಂದ್ರ ಕಾನೂನು ಇದೆ. ಅದರ ಪ್ರಕಾರ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕು 'ಆಂಟಿಕ್'. ಕೇಂದ್ರ ಕಾನೂನಿನ ಮಟ್ಟಿಗೆ ಅದು ಫೈರ್‌ಆರ್ಮ್ ಲೆಕ್ಕಕ್ಕೇ ಬರುವುದಿಲ್ಲ. ಒಂದು ರಾಜ್ಯದವರಿಂದ ಇನ್ನೊಂದು ರಾಜ್ಯದವರು ನೇರವಾಗಿ ಕೊಳ್ಳಬಹುದು. ಅದೇ ಮಾಡೆಲ್ 1892, 1910ರಲ್ಲಿ ತಯಾರಾದದ್ದಾದರೆ? ನೋಡಲು ಒಂದೇ ಥರ ಇದ್ದರೂ ಕಾನೂನು ಬೇರೆ. ಬೇರೆ ರಾಜ್ಯದಲ್ಲಿರುವ ಖಾಸಗಿ ಮಾಲೀಕರಿಂದ ಕೊಳ್ಳಬೇಕಾದರೆ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಹೋಗಬೇಕು. 4473 ಅನ್ನುವ ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು. ಹಾಗಾಗಿ ತಯಾರಾದ ವರ್ಷ ಬರೀ ಹೆಮ್ಮೆಯ ವಿಷಯ ಅಲ್ಲ, ಇಡೀ ವ್ಯವಹಾರ ಅದರ ಮೇಲೆ ನಿಂತಿದೆ.

ವೀಸಾದ ಮೇಲೆ ಇರುವವರು ಇಲ್ಲಿ ತುಂಬಾ ಹುಷಾರಾಗಿರಬೇಕು. ಎಚ್-1ಬಿ ಥರದ ವೀಸಾದಲ್ಲಿ ಇರುವವರು ಮಾಮೂಲಿ ಬಂದೂಕು, ತೋಟಾ ಎರಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಕೆಲವೇ ವಿನಾಯಿತಿಗಳಿವೆ. ಆಂಟಿಕ್ ಬಂದೂಕಿನ ವಿಷಯದಲ್ಲೂ ರಾಜ್ಯಕ್ಕೊಂದು, ಕೆಲವು ಕಡೆ ಊರಿಗೊಂದು ಕಾನೂನು. ಗ್ರೀನ್ ಕಾರ್ಡ್ ಬರುವ ತನಕ ನಾನು ಈ ಆಸೆಯನ್ನು ಕಟ್ಟಿಟ್ಟಿದ್ದೆ. ನೀವೂ ಹಾಗೇ ಮಾಡಿ. ಇಲ್ಲ, ಈಗಲೇ ಬೇಕು ಅಂದರೆ ಮೊದಲು ವಕೀಲರ ಹತ್ತಿರ ಹೋಗಿ. ಇಲ್ಲಿ ಬದುಕು ಕಟ್ಟಿಕೊಂಡವರು ಒಂದು ರೈಫಲ್‌ಗಾಗಿ ಅದನ್ನು ಪಣಕ್ಕೆ ಇಡಬಾರದು.

ಮನೆಯಲ್ಲಿ ಹೆಂಡತಿಯದ್ದು ಒಂದೇ ಷರತ್ತು. "ನೋಡಿ, ಮಗಳು ಎಲ್ಲಾ ಕಡೆ ಕೈ ಹಾಕೋ ವಯಸ್ಸು. ಮೊದಲು ಬೀಗ ಇರೋ ಪೆಟ್ಟಿಗೆ ಬರ್ಲಿ, ಕೋವಿ ಆಮೇಲೆ." ಅವಳು ಹೇಳಿದ್ದು ಸರಿ. ಗೋಡೆಗೆ ಬೋಲ್ಟ್ ಹಾಕಿ ಕೂರಿಸುವ ಗನ್ ಸೇಫ್‌ಗೆ 700 ಡಾಲರ್ ಆಯಿತು. ಒಳಗೆ ತೇವ ಹೀರುವ ಕಡ್ಡಿ, ತೇವ ತೋರಿಸುವ ಮೀಟರ್ ಸೇರಿ ಇನ್ನೊಂದು 60. ರೈಫಲ್‌ಗೆ ಬಜೆಟ್ ಹಾಕುವಾಗ ಇದನ್ನು ಮೊದಲೇ ಕಳೆದುಬಿಡಿ.

ಆಮೇಲೆ ಶುರುವಾಗಿದ್ದು ಕಣ್ಣಿಗೆ ಪಾಠ. ಇದಕ್ಕೇ ಜಾಸ್ತಿ ಸಮಯ ಹೋಯಿತು. ಹೋಗಲೇಬೇಕಿತ್ತು.

ಓಕ್ಲಹೋಮಾದ ಕ್ಲೇರ್‌ಮೋರ್‌ನಲ್ಲಿ ಜೆ. ಎಂ. ಡೇವಿಸ್ ಮ್ಯೂಸಿಯಂ ಇದೆ. ಡೇವಿಸ್ ಅಂದರೆ ಆ ಊರಲ್ಲಿ ಹೋಟೆಲ್ ನಡೆಸುತ್ತಿದ್ದವರು. ಅವರು ಜೀವಮಾನವಿಡೀ ಕೂಡಿಸಿದ ಹನ್ನೆರಡು ಸಾವಿರಕ್ಕೂ ಹೆಚ್ಚು ಬಂದೂಕು ಅಲ್ಲಿವೆ. ನಮ್ಮ ಮನೆಯಿಂದ 75ನೇ ಹೈವೇ ಹಿಡಿದು ಉತ್ತರಕ್ಕೆ ಹೋದರೆ ಟಲ್ಸಾ. ಅಲ್ಲಿಂದ ಕ್ಲೇರ್‌ಮೋರ್ ಹತ್ತಿರವೇ. ಸಾಲಾಗಿ ನಿಲ್ಲಿಸಿದ ವಿಂಚೆಸ್ಟರ್‌ಗಳನ್ನು ಒಂದರ ಪಕ್ಕ ಒಂದು ನೋಡುತ್ತಾ ಹೋದರೆ ಯಾವುದು ಮುಟ್ಟದೆ ಉಳಿದದ್ದು, ಯಾವುದಕ್ಕೆ ಆಮೇಲೆ ಪಾಲಿಶ್ ಹೊಡೆದದ್ದು ಅಂತ ನಿಧಾನವಾಗಿ ಗೊತ್ತಾಗುತ್ತದೆ.

ಹೊಸಬರು ಮೊದಲು ಬೀಳುವುದು ಹೊಳಪಿಗೆ. ಹೊಳೆಯುವುದೆಲ್ಲ ಚೆನ್ನಾಗಿ ಉಳಿದದ್ದಲ್ಲ. ಆ ಕಾಲದಲ್ಲಿ ನಳಿಗೆಗೆ ಬಣ್ಣ ಬಳಿಯುತ್ತಿರಲಿಲ್ಲ. ಬೇಕಂತಲೇ ತೆಳುವಾಗಿ ತುಕ್ಕು ಹಿಡಿಸಿ, ನೀರಲ್ಲಿ ಕುದಿಸಿ, ಬ್ರಷ್‌ನಲ್ಲಿ ಉಜ್ಜುತ್ತಿದ್ದರು. ಮತ್ತೆ ತುಕ್ಕು, ಮತ್ತೆ ಕುದಿ. ಕೆಂಪು ತುಕ್ಕು ಕುದಿದು ಕಪ್ಪಾಗುತ್ತಿತ್ತು. ಹೀಗೆ ಪದರ ಪದರವಾಗಿ ಕೂತ ಕಪ್ಪು-ನೀಲಿ ಬಣ್ಣವೇ ಬ್ಲೂಯಿಂಗ್. ಅದು ಕೈ ತಾಗುವ ಜಾಗದಲ್ಲಿ ಸವೆಯುತ್ತದೆ, ಸಂದಿಗಳಲ್ಲಿ ಉಳಿಯುತ್ತದೆ. ಸವೆದ ಕಡೆ ಉಕ್ಕು ಕಂದಾಗುತ್ತದೆ, ಬಿಳಿ ಬಟ್ಟೆಯ ಮೇಲೆ ಒಗೆದರೂ ಉಳಿದ ನೇರಳೆ ಹಣ್ಣಿನ ಕಲೆಯ ಹಾಗೆ. ಎಲ್ಲಿ ಹಿಡಿದು ನಡೆದರು, ಎಲ್ಲಿ ಜೀನಿಗೆ ಉಜ್ಜಿತು ಅನ್ನುವುದೆಲ್ಲ ಆ ಸವೆತದಲ್ಲಿ ಇರುತ್ತದೆ. ಯಾರೋ ಯಂತ್ರದಲ್ಲಿ ಉಜ್ಜಿ ಹೊಸ ಬ್ಲೂಯಿಂಗ್ ಮಾಡಿಸಿದರೆ ಅದೆಲ್ಲ ಅಳಿಸಿಹೋಗುತ್ತದೆ, ಮತ್ತೆ ಬರುವುದಿಲ್ಲ. ಬೆಲೆಯೂ ಅರ್ಧಕ್ಕೆ ಇಳಿಯುತ್ತದೆ.

ನೋಡಬೇಕಾದ್ದು ಅಂಚುಗಳನ್ನು. ಎಂಟು ಮುಖದ ನಳಿಗೆಯ ಏಣುಗಳು ಬೆರಳಿಗೆ ಚುರುಕಾಗಿ ಸಿಗಬೇಕು. ಕೆತ್ತಿದ ಅಕ್ಷರಗಳ ಅಂಚು ಚೂಪಾಗಿರಬೇಕು. ಪಾಲಿಶ್ ಚಕ್ರಕ್ಕೆ ಕೊಟ್ಟಿದ್ದರೆ ಅಕ್ಷರ ತೇಲಿದ ಹಾಗೆ ಕಾಣುತ್ತದೆ, ಸ್ಕ್ರೂ ಕೂರುವ ತೂತಿನ ಸುತ್ತ ಸಣ್ಣ ಗುಳಿ ಬಿದ್ದಿರುತ್ತದೆ. ಹಿಂದಿನ ಮರ ಮತ್ತು ಕಬ್ಬಿಣ ಸೇರುವ ಜಾಗ ಇನ್ನೂ ಮುಖ್ಯ. ಕಾರ್ಖಾನೆಯಲ್ಲಿ ಮರವನ್ನು ಕಬ್ಬಿಣಕ್ಕಿಂತ ಕೂದಲಷ್ಟು ಎತ್ತರ ಬಿಡುತ್ತಿದ್ದರು. ಮರಕ್ಕೆ ಉಪ್ಪುಕಾಗದ ಹೊಡೆದಿದ್ದರೆ ಅದು ಕಬ್ಬಿಣಕ್ಕಿಂತ ಕೆಳಗೆ ಇಳಿದಿರುತ್ತದೆ. ಉಗುರು ಓಡಿಸಿದರೆ ಸಾಕು, ತಿಳಿಯುತ್ತದೆ.

ಯಂತ್ರ ಕೂತಿರುವ ನಡುವಿನ ಉಕ್ಕಿನ ಭಾಗವೇ ರಿಸೀವರ್. ಅದರ ಹಿಂದಿನ ಪಟ್ಟಿಯ ಮೇಲೆ 'ಪೇಟೆಂಟ್ ಅಕ್ಟೋಬರ್ 14, 1884' ಅಂತ ಇರುತ್ತದೆ. ಅದನ್ನು ನೋಡಿ 1884ರ ರೈಫಲ್ ಅಂತ ಜಾಹೀರಾತು ಹಾಕುವವರು ಎಷ್ಟೋ ಜನ. ಅದು ಬ್ರೌನಿಂಗ್ ಅವರ ಪೇಟೆಂಟ್ ತಾರೀಕು, ಅಷ್ಟೇ. ತಯಾರಾದ ವರ್ಷಕ್ಕೆ ಕ್ರಮಸಂಖ್ಯೆಯೇ ಆಧಾರ. ಮಾಡೆಲ್ 1892ರಲ್ಲಿ ಅದು ರಿಸೀವರ್‌ನ ಅಡಿಯಲ್ಲಿ, ಮುಂದಿನ ಭಾಗದಲ್ಲಿ ಇರುತ್ತದೆ. ಇಲ್ಲೂ ಒಂದು ತೊಡಕಿದೆ. ಹಳೆಯ ಪುಸ್ತಕಗಳಲ್ಲಿರುವ ವರ್ಷವಾರು ಪಟ್ಟಿಗೂ, ಕಾರ್ಖಾನೆಯ ಪಾಲಿಶಿಂಗ್ ರೂಮ್ ದಾಖಲೆಗೂ ಹೊಂದುವುದಿಲ್ಲ. ಸಂಖ್ಯೆ 1898-99ರ ಗಡಿಯ ಹತ್ತಿರ ಇದ್ದರೆ ಬರೀ ಪುಸ್ತಕದ ಪಟ್ಟಿ ನಂಬಿ ದುಡ್ಡು ಕೊಡಬೇಡಿ.

ಮೊದಲು ಮನಸ್ಸಿಗೆ ಬಂದ ರೈಫಲ್ ಆನ್‌ಲೈನ್ ಹರಾಜಿನಲ್ಲಿ ಇತ್ತು. 'ಎಲ್ಲವೂ ಮೂಲದ್ದೇ' ಅಂತ ಬರೆದಿದ್ದರು. ಫೋಟೋಗಳಲ್ಲಿ ಚೆಂದ ಕಾಣುತ್ತಿತ್ತು. ನಳಿಗೆ-ರಿಸೀವರ್ ಸೇರುವ ಜಾಗದ ಹತ್ತಿರದ ಚಿತ್ರ ಕಳಿಸಿ ಅಂತ ಕೇಳಿದೆ. ಉತ್ತರ ಬರಲು ವಾರಗಟ್ಟಲೆ ಆಯಿತು. ಬಂದ ಚಿತ್ರದಲ್ಲಿ ನಳಿಗೆಯ ಮೇಲೆ ಒಂದು ಸಣ್ಣ ಮೊಟ್ಟೆಯಾಕಾರದ ಮುದ್ರೆ, ಒಳಗೆ ಡಬ್ಲ್ಯೂ ಮತ್ತು ಪಿ ಅಕ್ಷರ. ವಿಂಚೆಸ್ಟರ್ ಕಂಪನಿ ಆ ಪರೀಕ್ಷಾ ಮುದ್ರೆ ಹಾಕಲು ಶುರುಮಾಡಿದ್ದು 1905ರಲ್ಲಿ. ಕ್ರಮಸಂಖ್ಯೆ ನೋಡಿದರೆ 1890ರ ದಶಕದ್ದು. ರಿಸೀವರ್ ಮೇಲೆ ಮುದ್ರೆಯೇ ಇಲ್ಲ. ಅಂದರೆ ನಳಿಗೆ ಆಮೇಲೆ ಬಂದದ್ದು. ಗುಂಡು ಹೊಡೆಯಲು ಒಳ್ಳೆಯ ರೈಫಲ್ ಇರಬಹುದು, ಆದರೆ ಅವರು ಕೇಳುತ್ತಿದ್ದ ಬೆಲೆಗೆ ಅಲ್ಲ. ಕೈಬಿಟ್ಟೆ. ತುಂಬಾ ಬೇಜಾರಾಯಿತು. ಮನಸ್ಸಿನಲ್ಲಿ ಅಷ್ಟು ಹೊತ್ತಿಗೆ ಅದು ನನ್ನದೇ ಆಗಿಬಿಟ್ಟಿತ್ತು.

ಆಮೇಲೆ ಅಂಗಡಿಗಳಲ್ಲಿ ಕೆಲವು ನೋಡಿದೆ. ಒಂದಕ್ಕೆ ಹಿಂದಿನ ಮರ ಹೊಸದು. ಇನ್ನೊಂದು ಒಬ್ಬ ಷೆರಿಫ್‌ರದ್ದು ಅಂತ ಕಥೆ ಹೇಳಿ ಸಾವಿರ ಡಾಲರ್ ಜಾಸ್ತಿ ಕೇಳಿದರು, ಕಾಗದ ಒಂದೂ ಇಲ್ಲ. ಕಥೆಗೆ ದುಡ್ಡು ಕೊಡಬೇಡಿ. ಕಾಗದ ಇದ್ದರೆ ಮಾತ್ರ ಕೊಡಿ.

ಕೊನೆಗೆ ಸಿಕ್ಕಿದ್ದು ಟಲ್ಸಾ ಆರ್ಮ್ಸ್ ಶೋನಲ್ಲಿ. ವರ್ಷಕ್ಕೆ ಎರಡು ಸಲ ನಡೆಯುವ ದೊಡ್ಡ ಸಂತೆ. ಸಾವಿರಾರು ಮೇಜುಗಳು. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಬೆಲೆಪಟ್ಟಿ ನೋಡುತ್ತಾ ಇಡೀ ದಿನ ನಡೆಯಿರಿ. ಚಪ್ಪಲಿ ಅಲ್ಲ, ಒಳ್ಳೆಯ ಶೂ ಹಾಕಿಕೊಳ್ಳಿ. ಕೈಯಲ್ಲಿ ಸಣ್ಣ ಟಾರ್ಚ್, ಭೂತಗನ್ನಡಿ, ನಳಿಗೆಯೊಳಗೆ ಬಿಡುವ ಬೋರ್ ಲೈಟ್ ಇರಲಿ. ಯಾವುದನ್ನೂ ಕೇಳದೆ ಮುಟ್ಟಬೇಡಿ. ಲಿವರ್ ಆಡಿಸುವ ಮುಂಚೆ ಇನ್ನೊಮ್ಮೆ ಕೇಳಿ. ಖಾಲಿ ಇದೆ ಅಂತ ಕುದುರೆ ಎಳೆದು ನೋಡುವುದಂತೂ ಬೇಡವೇ ಬೇಡ. ಬೆವರಿನ ಕೈಯ ಉಪ್ಪು ಹಳೆಯ ಉಕ್ಕಿನ ಮೇಲೆ ಕಲೆ ಮಾಡುತ್ತದೆ, ಅದಕ್ಕೇ ಜೇಬಲ್ಲಿ ಒಂದು ಬಟ್ಟೆ ಇಟ್ಟುಕೊಂಡಿದ್ದೆ. ಅದನ್ನು ತೆಗೆದು ಕೈ ಒರೆಸಿಕೊಂಡದ್ದು ನೋಡಿಯೇ ಆ ಮೇಜಿನ ಅಜ್ಜನಿಗೆ ನನ್ನ ಮೇಲೆ ನಂಬಿಕೆ ಬಂತು ಅಂತ ಕಾಣುತ್ತದೆ. ಕುರ್ಚಿ ಎಳೆದು ಕೂರಿಸಿದರು.

ಅವರು ಮೊಂಟಾನಾದವರು. ಎಂಬತ್ತರ ಆಸುಪಾಸು. ಕೂಡಿಸಿದ್ದನ್ನು ಒಂದೊಂದಾಗಿ ಮಾರುತ್ತಿದ್ದರು. ಈ ರೈಫಲ್ ಮೇಜಿನ ಹಿಂದುಗಡೆ ಉಣ್ಣೆ ಬಟ್ಟೆಯ ಮೇಲೆ ಮಲಗಿತ್ತು. ಎಂಟು ಮುಖದ 24 ಇಂಚಿನ ನಳಿಗೆ, ಅರ್ಧಚಂದ್ರದ ಹಿಂಬದಿ ಪಟ್ಟಿ. ನಳಿಗೆಯ ಮೇಲೆ 44 ಡಬ್ಲ್ಯೂಸಿಎಫ್ ಅಂತ ಗುರುತು. ಇದನ್ನೇ ಜನ 44-40 ಅನ್ನುವುದು, 44 ಕ್ಯಾಲಿಬರ್‌ನ ಗುಂಡಿಗೆ 40 ಗ್ರೇನ್ ಕರಿಮದ್ದು. ಕ್ಯಾಲಿಬರ್ ಅಂದರೆ ಗುಂಡಿನ ದಪ್ಪ, ಗ್ರೇನ್ ಅಂದರೆ ಮದ್ದಿನ ತೂಕದ ಅಳತೆ. ನಳಿಗೆಯ ಬ್ಲೂಯಿಂಗ್ ಬಹುಪಾಲು ಉಳಿದಿತ್ತು. ಕೊಳವೆಯ ಮೇಲೆ ಕಂದು ತಿರುಗಿತ್ತು. ರಿಸೀವರ್‌ನ ಕೆಳಗೆ, ಒಂದು ಕೈಯಲ್ಲಿ ಹಿಡಿದು ನಡೆದರೆ ತೂಕ ಸರಿಯಾಗಿ ಕೂರುವ ಜಾಗದಲ್ಲಿ, ಬಣ್ಣ ಪೂರ್ತಿ ಹೋಗಿ ಉಕ್ಕು ಬೂದಿ ಬಣ್ಣ ಆಗಿತ್ತು. ನಾನು ಹಿಡಿದಾಗ ನನ್ನ ಬೆರಳು ಸೀದಾ ಅಲ್ಲೇ ಹೋಗಿ ಕೂತವು. ಹ್ಯಾಮರ್‌ನ ಬದಿಯಲ್ಲಿ, ಕೈ ತಾಗದ ಕಡೆ, ಕೇಸ್ ಹಾರ್ಡನಿಂಗ್‌ನ ನೀಲಿ-ಹಳದಿ ಮೋಡ ಇನ್ನೂ ಕಾಣುತ್ತಿತ್ತು. ಆ ಕಾಲದಲ್ಲಿ ಹ್ಯಾಮರ್, ಲಿವರ್‌ಗಳನ್ನು ಮೂಳೆಯ ಇದ್ದಿಲಿನ ಜೊತೆ ಕಾಯಿಸಿ ನೀರಿಗೆ ಬಿಟ್ಟು ಗಟ್ಟಿ ಮಾಡುತ್ತಿದ್ದರು. ಆ ಬಣ್ಣ ಬರುವುದು ಹಾಗೆ. ಬೆಳಕು, ಕೈ, ಕಾಲ ಎಲ್ಲದಕ್ಕೂ ಅದು ಬೇಗ ಮಾಸುತ್ತದೆ. ಇಷ್ಟು ಉಳಿದಿದೆ ಅಂದರೆ ಯಾರೂ ಇದನ್ನು ಉಜ್ಜಿಲ್ಲ ಅಂತ ಅರ್ಥ. ಸ್ಕ್ರೂಗಳ ಗೀರುಗಳೂ ಹಾಳಾಗಿರಲಿಲ್ಲ.

ಬೋರ್ ಲೈಟ್ ಬಿಟ್ಟು ನೋಡಿದೆ. ಸುರುಳಿ ಗೀರುಗಳು ಗಟ್ಟಿಯಾಗಿದ್ದವು. ಅಲ್ಲಲ್ಲಿ ಮಚ್ಚೆ ಮಚ್ಚೆ ಗುಳಿ. ಕರಿಮದ್ದಿನ ಕಾಲದ ರೈಫಲ್‌ನಲ್ಲಿ ಇದು ಇದ್ದೇ ಇರುತ್ತದೆ. ಹಿಂದಿನ ಗುರಿಯ ಪಟ್ಟಿಯ ಕೆಳಗೆ ಎತ್ತರ ಹೊಂದಿಸುವ ಮೆಟ್ಟಿಲಿನ ತುಂಡು, ಎಲಿವೇಟರ್ ಅನ್ನುತ್ತಾರೆ, ಅದು ಕಳೆದುಹೋಗಿತ್ತು. ಅಜ್ಜ ಅದನ್ನು ತಾವಾಗಿಯೇ ತೋರಿಸಿದರು.

ಕೇಳಿದ್ದು 2,650 ಡಾಲರ್. ಚೌಕಾಸಿ ಆಗಿ 2,450ಕ್ಕೆ ನಿಂತಿತು. ಆದರೆ ನನಗೆ ಕೋಡಿಯ ದಾಖಲೆ ನೋಡದೆ ಮುಂದುವರಿಯಲು ಮನಸ್ಸಿರಲಿಲ್ಲ.

ಕೋಡಿಯ ವಿಷಯ ಇದು. ಅಲ್ಲಿ ಬಫಲೋ ಬಿಲ್ ಸೆಂಟರ್ ಆಫ್ ದ ವೆಸ್ಟ್ ಅಂತ ದೊಡ್ಡ ಸಂಸ್ಥೆ ಇದೆ. ಅದರೊಳಗೆ ಕೋಡಿ ಫೈರ್‌ಆರ್ಮ್ಸ್ ಮ್ಯೂಸಿಯಂ. ವಿಂಚೆಸ್ಟರ್ ಕಾರ್ಖಾನೆಯ ಹಳೆಯ ಕೈಬರಹದ ಲೆಡ್ಜರ್‌ಗಳು ಅಲ್ಲಿವೆ. ಎಲ್ಲಾ ರೈಫಲ್‌ಗಳದ್ದೂ ಇಲ್ಲ. ಮಾಡೆಲ್ 1892 ಆದರೆ 3,79,999ನೇ ಸಂಖ್ಯೆಯವರೆಗೆ, ಮಾಡೆಲ್ 1894 ಆದರೆ 3,53,999ರವರೆಗೆ. ಸದಸ್ಯರಾದರೆ ಫೋನಿನಲ್ಲೇ ಕ್ರಮಸಂಖ್ಯೆ ಹೇಳಿ ವಿಚಾರಿಸಬಹುದು. ಆಮೇಲೆ ದುಡ್ಡು ಕಟ್ಟಿದರೆ ಮುದ್ರೆಯೊತ್ತಿದ ಕಾಗದ ಕಳಿಸುತ್ತಾರೆ. ನನಗೆ ಸದಸ್ಯತ್ವ, ಕಾಗದ ಎಲ್ಲಾ ಸೇರಿ ಇನ್ನೂರು ಡಾಲರ್ ಒಳಗೇ ಆಯಿತು. ದರ ಬದಲಾಗುತ್ತಿರುತ್ತದೆ, ಕೇಳಿಕೊಳ್ಳಿ. ಕೊಳ್ಳುವ ಮುಂಚೆಯೇ ಸದಸ್ಯರಾಗಿರಿ. ಇದು ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು.

ಶೋ ನಡೆಯುವುದು ಶನಿವಾರ, ಭಾನುವಾರ. ದಾಖಲೆ ವಿಭಾಗಕ್ಕೆ ಅವತ್ತು ರಜೆ. ಅಜ್ಜನಿಗೆ ಭಾನುವಾರ ಸಂಜೆಯೇ ಮೊಂಟಾನಾಕ್ಕೆ ಹೊರಡಬೇಕು. ಹಿಂದೆ ಇನ್ನೊಬ್ಬರು ಕಾಯುತ್ತಿದ್ದರು. ಎದೆ ಡವಡವ ಅನ್ನುತ್ತಿತ್ತು. ಕೊನೆಗೆ ಅಜ್ಜನೇ ದಾರಿ ಹೇಳಿದರು. 300 ಡಾಲರ್ ಮುಂಗಡ ಕೊಡು, ದಾಖಲೆ ಹೊಂದದಿದ್ದರೆ ಪೂರ್ತಿ ವಾಪಸ್ ಅಂತ ಬರೆದು ಸಹಿ ಹಾಕುತ್ತೇನೆ ಅಂದರು. ಕಾಗದದ ಮೇಲೆ ಕ್ರಮಸಂಖ್ಯೆ, ಕ್ಯಾಲಿಬರ್, ಒಪ್ಪಿದ ಬೆಲೆ, ವಾಪಸ್ ಷರತ್ತು ಎಲ್ಲಾ ಬರೆದರು. ನಾನು ಅದರ ಫೋಟೋ ತೆಗೆದುಕೊಂಡೆ. ಎಷ್ಟೇ ಒಳ್ಳೆಯವರಾದರೂ ಈ ಕಾಗದ ಮಾಡಿಸಿಕೊಳ್ಳಿ. ಇಬ್ಬರಿಗೂ ನೆಮ್ಮದಿ.

ಸೋಮವಾರ ಫೋನ್ ಹಚ್ಚಿದೆ. ಲೈನ್ ಸಿಗಲು ಸುಮಾರು ಹೊತ್ತು ಹಿಡಿಯಿತು. ಸಂಖ್ಯೆ ಹೇಳಿದೆ. ಆ ಕಡೆ ಹುಡುಕುವ ಸದ್ದು. ಆಮೇಲೆ ಒಂದೊಂದಾಗಿ ಓದಿದರು. ರೈಫಲ್. 44 ಕ್ಯಾಲಿಬರ್. ಎಂಟು ಮುಖದ ನಳಿಗೆ. ಸಾದಾ ಟ್ರಿಗರ್. ಸಂಖ್ಯೆ ಹಾಕಿದ್ದು 1895ರಲ್ಲಿ, ಗೋದಾಮಿನಿಂದ ಹೊರಟಿದ್ದು 1896ರಲ್ಲಿ. ನನ್ನ ಕೈಯಲ್ಲಿದ್ದ ಚೀಟಿಗೆ ಪ್ರತಿಯೊಂದೂ ಹೊಂದಿತು. ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತು ಮಾತಾಡುತ್ತಿದ್ದೆ. ಫೋನ್ ಇಟ್ಟ ಮೇಲೆ ಮೊದಲು ಅಪ್ಪನಿಗೆ ಮೆಸೇಜ್ ಹಾಕಿದೆ. ಊರಲ್ಲಿ ಆಗ ಮಧ್ಯರಾತ್ರಿ.

ಇಷ್ಟಾದರೂ ಮುಗಿಯಲಿಲ್ಲ. ಅಜ್ಜನಿಗೆ ಆನ್‌ಲೈನ್ ದುಡ್ಡು ಬೇಡ, ಪೋಸ್ಟಲ್ ಮನಿ ಆರ್ಡರ್ ಬೇಕು. ಒಂದು ಮನಿ ಆರ್ಡರ್‌ಗೆ ಸಾವಿರ ಡಾಲರ್ ಮಿತಿ. ಉಳಿದ 2,150ಕ್ಕೆ ಮೂರು ಬರೆಸಬೇಕಾಯಿತು. ಅವು ಅವರಿಗೆ ತಲುಪಿದವು. ಅವರು ರೈಫಲ್ ಪ್ಯಾಕ್ ಮಾಡಿ ಒಂದು ಕೊರಿಯರ್ ಕೌಂಟರ್‌ಗೆ ಹೋದರೆ, ಡೀಲರ್ ಲೈಸೆನ್ಸ್ ಇಲ್ಲದವರಿಂದ ಯಾವ ಬಂದೂಕನ್ನೂ ತೆಗೆದುಕೊಳ್ಳುವುದಿಲ್ಲ ಅಂತ ವಾಪಸ್ ಕಳಿಸಿದರು. ಆಂಟಿಕ್ ಅಂತ ಕಾನೂನು ತೋರಿಸಿದರೂ ಆಗಲಿಲ್ಲ. ಕಾನೂನು ಬೇರೆ, ಕಂಪನಿಯ ನಿಯಮ ಬೇರೆ. ಕಳಿಸುವ ಮುಂಚೆ ಆಯಾ ಕಂಪನಿಯ ಈಗಿನ ನಿಯಮ ಓದಿಕೊಳ್ಳಿ.

ಕೊನೆಗೆ ಅಂಚೆಯ ರಿಜಿಸ್ಟರ್ಡ್ ಮೇಲ್‌ನಲ್ಲಿ ಕಳಿಸುವುದು ಅಂತಾಯಿತು. ಅಲ್ಲಿ ಪ್ಲಾಸ್ಟಿಕ್ ಟೇಪ್ ಹಚ್ಚಿದ ಪೆಟ್ಟಿಗೆ ನಡೆಯುವುದಿಲ್ಲ. ಅಂಟು ಹಚ್ಚಿದ ಕಾಗದದ ಟೇಪೇ ಬೇಕು, ಏಕೆಂದರೆ ಪ್ರತಿ ಸಂದಿಯ ಮೇಲೂ ಶಾಯಿಯ ಮುದ್ರೆ ಒತ್ತುತ್ತಾರೆ. ಪಾಪ, ಆ ವಯಸ್ಸಿನಲ್ಲಿ ಅವರು ಪೆಟ್ಟಿಗೆಯನ್ನು ಮೊದಲಿನಿಂದ ಮತ್ತೆ ಕಟ್ಟಿದರು. ವಿಮೆ ಸೇರಿ ಹತ್ತಿರ 90 ಡಾಲರ್ ಆಯಿತು, ಅದು ನನ್ನ ಲೆಕ್ಕ. ರಿಜಿಸ್ಟರ್ಡ್ ಅಂದರೆ ಭದ್ರ, ಆದರೆ ತುಂಬಾ ನಿಧಾನ. ಪ್ರತಿ ಕೈ ಬದಲಾದಾಗಲೂ ಸಹಿ ಆಗಬೇಕು. ಟ್ರ್ಯಾಕಿಂಗ್ ಒಂದೇ ಊರಿನ ಹೆಸರು ತೋರಿಸುತ್ತಾ ದಿನಗಟ್ಟಲೆ ನಿಂತುಬಿಟ್ಟಿತು. ನಿದ್ದೆ ಸರಿಯಾಗಿ ಬರಲಿಲ್ಲ. ನಿಮಗೂ ಹೀಗಾದರೆ ಗಾಬರಿ ಬೀಳಬೇಡಿ, ಆ ವಿಧಾನದಲ್ಲಿ ಅದು ಮಾಮೂಲು.

ಪೆಟ್ಟಿಗೆ ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ತೋಟಾ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು. ಲಿವರ್ ತೆರೆದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ, ಕೊಳವೆಯ ಬಾಯನ್ನೂ ನೋಡಿ. ಹಳೆಯ ರೈಫಲ್‌ಗಳ ಕೊಳವೆಯಲ್ಲಿ ತೋಟಾ ಸಿಕ್ಕಿಕೊಂಡು ಉಳಿದಿರುವುದುಂಟು. ಆಮೇಲೆ ನೇರ ಗನ್‌ಸ್ಮಿತ್, ಅಂದರೆ ಬಂದೂಕು ರಿಪೇರಿ ಮಾಡುವವರ, ಹತ್ತಿರ ಒಯ್ದೆ. ಬೋಲ್ಟ್ ಮತ್ತು ತೋಟಾದ ನಡುವಿನ ಸಡಿಲ, ತೋಟಾ ಕೂರುವ ಗೂಡು, ನಳಿಗೆಯ ಒಳ ಅಳತೆ ಎಲ್ಲಾ ನೋಡಿದರು. ಮೆತ್ತನೆ ಸೀಸದ ತುಂಡನ್ನು ನಳಿಗೆಯೊಳಗೆ ಮೆಲ್ಲಗೆ ಬಡಿದು ದಾಟಿಸಿ, ಹೊರಬಂದದ್ದನ್ನು ಅಳೆಯುತ್ತಾರೆ. ಹಳೆಯ 44-40 ನಳಿಗೆಗಳ ಅಳತೆ ಒಂದಕ್ಕಿಂತ ಒಂದು ಬೇರೆ, ಅದಕ್ಕೆ ಇದು ಬೇಕು. ಅವರ ಕೂಲಿ 95 ಡಾಲರ್. ಗುಂಡು ಹೊಡೆಯಬಹುದು, ಆದರೆ ಕರಿಮದ್ದು ಅಥವಾ ಅಷ್ಟೇ ಮೆತ್ತಗಿನ ತೋಟಾ ಮಾತ್ರ ಅಂದರು.

ಮನೆಯಲ್ಲಿ ನಾನು ಮಾಡಿದ್ದು ತುಂಬಾ ಕಡಿಮೆ. ಒಣಗಿದ ಹಳೆಯ ಗ್ರೀಸನ್ನು ಮೆತ್ತನೆ ಬಟ್ಟೆ, ಎಣ್ಣೆಯಲ್ಲಿ ನೆನೆಸಿ ತೆಗೆದೆ. ಉಕ್ಕಿನ ಉಣ್ಣೆ, ಪಾಲಿಶ್, ವಾರ್ನಿಷ್ ಯಾವುದೂ ಹತ್ತಿರ ಬರಬಾರದು. ಮ್ಯೂಸಿಯಂಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲಿನ್ ಮೇಣ ಒಂದು ತೆಳು ಪದರ ಹಚ್ಚಿದೆ, ಸಾಕು. ಸ್ಕ್ರೂ ಬಿಚ್ಚಲೇಬೇಕಾದರೆ ಆ ಗೀರಿಗೆ ಸರಿಯಾಗಿ ಕೂರುವ ಗನ್‌ಸ್ಮಿತ್ ಸ್ಕ್ರೂಡ್ರೈವರ್ ಬಳಸಿ. ಸೇಫ್‌ನಲ್ಲಿ ನಳಿಗೆಯ ಬಾಯಿ ಕೆಳಗೆ ಮಾಡಿ ನಿಲ್ಲಿಸುತ್ತೇನೆ, ಎಣ್ಣೆ ಇಳಿದು ಮರಕ್ಕೆ ಸೇರದಿರಲಿ ಅಂತ.

ಗೆಳೆಯರೊಬ್ಬರ ರಾಂಚ್‌ನಲ್ಲಿ ಮೊದಲ ಈಡು ಹೊಡೆದೆವು. ಕರಿಮದ್ದಿನ ಸದ್ದು ಚಟ್ ಅನ್ನುವುದಿಲ್ಲ, ಧಮ್ ಅನ್ನುತ್ತದೆ. ಬಿಳಿ ಹೊಗೆ ಮುಖದ ಮುಂದೆ ನಿಂತು ಗುರಿಯೇ ಕಾಣಲಿಲ್ಲ. ಗಾಳಿ ಅದನ್ನು ಎಳೆದುಕೊಂಡು ಹೋದ ಮೇಲೆ ನೋಡಿದರೆ ಐವತ್ತು ಗಜ ದೂರದ ಹಲಗೆಯಲ್ಲಿ ತೂತು. ಎಲಿವೇಟರ್ ಇಲ್ಲದ ಕಾರಣ ಸ್ವಲ್ಪ ಕೆಳಗೆ ಬಿದ್ದಿತ್ತು. ಲಿವರ್ ಎಳೆದೆ. ಹಿತ್ತಾಳೆಯ ಖಾಲಿ ತೋಟಾ ಹೊಗೆ ಬಿಡುತ್ತಾ ಮೇಲೆ ಹಾರಿ ಹುಲ್ಲಿಗೆ ಬಿತ್ತು. ಮದ್ದಿನ ವಾಸನೆ ನಮ್ಮೂರಿನ ಕೇಪಿನ ಕೋವಿಯದ್ದೇ ವಾಸನೆ. ಅವತ್ತೇ ಬಿಸಿನೀರಿನಲ್ಲಿ ನಳಿಗೆ ತೊಳೆದು ಒಣಗಿಸಿ ಎಣ್ಣೆ ಹಚ್ಚಬೇಕು. ಕರಿಮದ್ದಿನ ಮಸಿ ತೇವ ಹೀರುತ್ತದೆ, ನಾಳೆ ಮಾಡೋಣ ಅಂದರೆ ತುಕ್ಕು ಹಿಡಿಯುತ್ತದೆ.

ವಿಮೆಯನ್ನು ಮರೆಯಬೇಡಿ. ಮಾಮೂಲಿ ಮನೆ ವಿಮೆಯಲ್ಲಿ ಬಂದೂಕು ಕಳವಿಗೆ ಒಂದು ಮಿತಿ ಇರುತ್ತದೆ. ನನ್ನದರಲ್ಲಿ ಅದು 2,500. ಸಂಗ್ರಹದ ವಸ್ತುಗಳಿಗೆ ಅಂತಲೇ ಇರುವ ಬೇರೆ ವಿಮೆ ಮಾಡಿಸಿದೆ. ಫೋಟೋ, ರಸೀದಿ, ಕೋಡಿಯ ಕಾಗದ ಮೂರನ್ನೂ ಕೇಳಿದರು.

ಆ ಕಾಗದದಲ್ಲಿ ಏನಿರುವುದಿಲ್ಲ ಅನ್ನುವುದೂ ಗೊತ್ತಿರಲಿ. ಸಂಖ್ಯೆ ಹಾಕಿದ ದಿನ, ಗೋದಾಮಿಗೆ ಬಂದ ದಿನ, ಹೊರಟ ದಿನ, ಆರ್ಡರ್ ನಂಬರ್ ಇರುತ್ತದೆ. ಯಾವ ಊರಿಗೆ ಹೋಯಿತು, ಯಾರು ಕೊಂಡರು ಅನ್ನುವುದು ಸಾಮಾನ್ಯವಾಗಿ ಇರುವುದಿಲ್ಲ. ನನ್ನದರಲ್ಲೂ ಇಲ್ಲ. ಮೊದಲು ಸ್ವಲ್ಪ ನಿರಾಸೆಯಾಯಿತು. ಆದರೆ 1896ರ ಜನವರಿಯಲ್ಲಿ ಯಾರೋ ಗುಮಾಸ್ತರು ಕೈಯಿಂದ ಬರೆದಿಟ್ಟ ಸಾಲು ಇವತ್ತು ಒಂದು ರೈಫಲ್‌ನ ಸಾಚಾತನಕ್ಕೆ ಸಾಕ್ಷಿ ಹೇಳುತ್ತಿದೆ. ನನಗೆ ಅದು ದೊಡ್ಡದು.

ಊರಿಗೆ ತರುತ್ತೀಯಾ ಅಂತ ಕೇಳಿದವರಿಗೆ ಒಂದೇ ಉತ್ತರ, ಇಲ್ಲ. ಭಾರತದ ಶಸ್ತ್ರ ಕಾಯ್ದೆ, ಕಸ್ಟಮ್ಸ್ ಎರಡೂ ಬೇರೆಯೇ ಲೋಕ. ಇಲ್ಲಿಯ ಆಂಟಿಕ್ ವಿನಾಯಿತಿ ಅಲ್ಲಿ ನಡೆಯುವುದಿಲ್ಲ. ಲಗೇಜಿನಲ್ಲಿ ತರುವ ಯೋಚನೆಯನ್ನೂ ಮಾಡಬೇಡಿ.

ಎಲಿವೇಟರ್ ಕಳೆದ ವಾರ ಹಳೆಯ ಬಿಡಿಭಾಗ ಮಾರುವವರ ಹತ್ತಿರ ಸಿಕ್ಕಿತು. ಆ ಕಾಲದ್ದೇ, 40 ಡಾಲರ್. ಮೊಂಟಾನಾದ ಅಜ್ಜನಿಗೆ ಫೋನ್ ಮಾಡಿ ಹೇಳಿದೆ. ಕೋಡಿಯ ಕಾಗದದ ಒಂದು ಪ್ರತಿ ನನಗೂ ಕಳಿಸು ಅಂದರು. ಮೂವತ್ತು ವರ್ಷ ಇಟ್ಟುಕೊಂಡಿದ್ದರೂ ಅವರು ಅದನ್ನು ತರಿಸಿರಲಿಲ್ಲವಂತೆ. ಪ್ರತಿ ತೆಗೆದು, ರಾಂಚ್‌ನಲ್ಲಿ ತೆಗೆದ ಒಂದು ಫೋಟೋ ಜೊತೆ ಸೇರಿಸಿ ಇವತ್ತು ಬೆಳಗ್ಗೆ ಅಂಚೆಗೆ ಹಾಕಿ ಬಂದೆ.